ಮಗುವಿನಂಥ ವಿಶ್ವಾಸ

ಮಗುವಿನಂಥ ವಿಶ್ವಾಸ ಎಂಬುದು ದೇವರ ಮುಂದೆ ಮನುಷ್ಯ ಹೇಗೆ ನಿಲ್ಲಬೇಕು ಎಂಬುದನ್ನು ಹೇಳಲು ಕ್ರೈಸ್ತರು ಬಳಸುವ ಮಾತು. ಇದರ ಬೇರು ಯೇಸುವಿನ ಬೋಧನೆಯಲ್ಲಿದೆ. ಮತ್ತಾಯನ 18 ಮತ್ತು 19ನೇ ಅಧ್ಯಾಯ, ಮಾರ್ಕನ 9 ಮತ್ತು 10ನೇ ಅಧ್ಯಾಯ, ಲೂಕನ 9 ಮತ್ತು 18ನೇ ಅಧ್ಯಾಯಗಳಲ್ಲಿ ಯೇಸು ಮಗುವನ್ನು ಮುಂದಿಟ್ಟುಕೊಂಡು ಮಾತಾಡುತ್ತಾರೆ. ನಾನು ನನ್ನ ಬಲದಿಂದ ಬದುಕಿಲ್ಲ, ನನಗೆ ಕೊಟ್ಟದ್ದರಿಂದ ಬದುಕಿದ್ದೇನೆ ಎಂದು ಒಪ್ಪಿಕೊಂಡವರ ನಿಲುವು ಇದು. ಏನನ್ನೂ ಕೇಳದೆ ಎಲ್ಲವನ್ನೂ ನಂಬಿಬಿಡುವುದು ಎಂಬ ಅರ್ಥ ಜನಬಳಕೆಯಲ್ಲಿ ಇದಕ್ಕೆ ಅಂಟಿಕೊಂಡಿದೆ. ಆ ಅರ್ಥ ಮೂಲದಲ್ಲಿ ಇಲ್ಲ. ಈ ಲೇಖನ ಮಾತಿನ ಹುಟ್ಟು, ಬೆಳವಣಿಗೆ, ಅದರ ಮೇಲಿನ ಆಕ್ಷೇಪಗಳನ್ನು ನೋಡುತ್ತಲೇ, ಮಂಡ್ಯ, ಮದ್ದೂರು, ಮಳವಳ್ಳಿಯ ನೆಲದಲ್ಲಿ ನಿಂತು ಕೇಳಿದರೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನೂ ವಿಚಾರಿಸುತ್ತದೆ.

ಪದಗಳು

ಕನ್ನಡ ಕ್ರೈಸ್ತರಲ್ಲಿ ಕಥೋಲಿಕರು ಹೆಚ್ಚಾಗಿ ‘ವಿಶ್ವಾಸ’ ಎನ್ನುತ್ತಾರೆ, ಪ್ರಾಟೆಸ್ಟಂಟರು ‘ನಂಬಿಕೆ’ ಎನ್ನುತ್ತಾರೆ. ಎರಡೂ ಗ್ರೀಕಿನ ‘ಪಿಸ್ತಿಸ್’ ಎಂಬ ಒಂದೇ ಪದಕ್ಕೆ ಬಂದ ಕನ್ನಡಗಳು. ಮಂಡ್ಯ ಸೀಮೆಯ ಹಳ್ಳಿಯ ಬಾಯಲ್ಲಿ ವಿಶ್ವಾಸ ‘ಇಸ್ವಾಸ’ವಾಗುತ್ತದೆ. ‘ನಮ್ಮನ್ ಕಂಡ್ರೆ ಅವ್ನಿಗೆ ಇಸ್ವಾಸ’ ಎಂದು ಯಾರಾದರೂ ಹೇಳಿದರೆ, ಅವನು ನಮ್ಮ ಮಾತನ್ನು ಸತ್ಯವೆಂದು ಒಪ್ಪಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲ. ಅವನಿಗೆ ನಮ್ಮ ಮೇಲೆ ಅಕ್ಕರೆ ಇದೆ, ಕಷ್ಟಕ್ಕೆ ಆಗುತ್ತಾನೆ ಎಂದು ತಿಳಿಯುತ್ತಾರೆ. ಪ್ರೀತಿಯೂ ವಿಶ್ವಾಸವೂ ಜೋಡಿಯಾಗಿ ಓಡಾಡುವ ಭಾಷೆ ನಮ್ಮದು. ಪಿಸ್ತಿಸ್ ಎಂಬುದರಲ್ಲೂ ನಿಷ್ಠೆ, ಭರವಸೆ, ಒಬ್ಬರಿಗೊಬ್ಬರು ಒದಗುವುದು ಎಂಬ ಅರ್ಥಗಳು ಸೇರಿವೆ. ಮಗುವಿನಂಥ ವಿಶ್ವಾಸವನ್ನು ತಿಳಿಯಲು ಪುಸ್ತಕದ ವಿಶ್ವಾಸಕ್ಕಿಂತ ಹಳ್ಳಿಯ ಇಸ್ವಾಸವೇ ಹತ್ತಿರದ ದಾರಿ.

‘ಮುಗ್ಧ’ ಎಂಬ ಪದದ ಬಗ್ಗೆ ಎಚ್ಚರ ಬೇಕು. ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದ ಅದರ ಮೊದಲ ಅರ್ಥ ದಾರಿ ಕಾಣದೆ ತಬ್ಬಿಬ್ಬಾದದ್ದು. ‘ಬಾಲಿಶ’ ಇನ್ನೂ ಕಟುವಾದ ಮಾತು. ಹೊಸ ಒಡಂಬಡಿಕೆಗೂ ಈ ಭೇದ ಗೊತ್ತು. ಯೇಸು ನಡುವೆ ನಿಲ್ಲಿಸಿದ ಮಗುವಿಗೆ ಬಳಸಿದ ಗ್ರೀಕ್ ಪದ ‘ಪೈದಿಯೊನ್’. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ, ದೊಡ್ಡವನಾದ ಮೇಲೆ ತಾನು ಬಿಟ್ಟೆ ಎನ್ನುವ ಎಳೆತನಕ್ಕೆ ಬಳಸುವ ಪದ ‘ನೇಪಿಯೊಸ್’, ಎಂದರೆ ಮಾತು ಬಾರದ ಕೂಸು. ಮುಂದಿನ ಅಧ್ಯಾಯದಲ್ಲಿ ಅವನು ಕೆಡುಕಿನ ವಿಷಯದಲ್ಲಿ ಕೂಸುಗಳಾಗಿರಿ, ಆಲೋಚನೆಯಲ್ಲಿ ಬೆಳೆದವರಾಗಿರಿ ಎಂಬ ಅರ್ಥ ಬರುವಂತೆ ಬುದ್ಧಿ ಹೇಳುತ್ತಾನೆ. ಮಗುವಿನಂತಾಗುವುದು ಬೇರೆ, ಎಳೆಬುದ್ಧಿಯವರಾಗಿ ಉಳಿಯುವುದು ಬೇರೆ ಎಂಬ ತಿಳಿವಳಿಕೆ ಮೊದಲ ತಲೆಮಾರಿನ ಕ್ರೈಸ್ತರಿಗೇ ಇತ್ತು.

ನಡುವೆ ನಿಂತ ಮಗು

ಮಾರ್ಕನ ಕಥನದಲ್ಲಿ ಸಂದರ್ಭ ಸ್ಪಷ್ಟವಾಗಿದೆ. ಕಪೆರ್ನೌಮಿಗೆ ಬರುವ ದಾರಿಯಲ್ಲಿ ಶಿಷ್ಯರು ತಮ್ಮೊಳಗೆ ಯಾರು ದೊಡ್ಡವನೆಂದು ವಾದ ಮಾಡಿಕೊಂಡಿರುತ್ತಾರೆ. ಮನೆಗೆ ಬಂದ ಮೇಲೆ ಏನು ಮಾತಾಡುತ್ತಿದ್ದಿರಿ ಎಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಆಗ ಯೇಸು ಒಂದು ಮಗುವನ್ನು ತಂದು ಅವರ ನಡುವೆ ನಿಲ್ಲಿಸಿ ತಬ್ಬಿಕೊಳ್ಳುತ್ತಾರೆ. ಪಂಚಾಯಿತಿ ಕೂತ ಜಾಗದಲ್ಲಿ ದೊಡ್ಡವರ ಮಧ್ಯೆ ಮಗುವನ್ನು ತಂದು ನಿಲ್ಲಿಸಿದ ಹಾಗೆ.

ಈಗ ಓದುವವರಿಗೆ ಮಗು ಎಂದ ಕೂಡಲೆ ನಿಷ್ಕಪಟತೆ ನೆನಪಾಗುತ್ತದೆ. ಆದರೆ ಮಗು ಎಂದರೆ ಕಳಂಕವಿಲ್ಲದ ಚೇತನ ಎಂಬ ಭಾವ ಲೋಕದ ಸಾಹಿತ್ಯದಲ್ಲಿ ಬಲವಾದದ್ದು 18ನೇ ಶತಮಾನದ ನಂತರ, ರೂಸೋ 1762ರಲ್ಲಿ ‘ಎಮಿಲ್’ ಬರೆದ ಮೇಲೆ. ನಮ್ಮಲ್ಲಿ ಕುವೆಂಪು, ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಬೆಳೆಸುತ್ತ ನಾವೇ ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ ಎಂಬ ವಿಚಾರವನ್ನು ಮನೆಮಾತು ಮಾಡಿದರು. ಅದು ದೊಡ್ಡ ವಿಚಾರ. ಆದರೆ ಯೇಸುವಿನ ಕಾಲದ ಕೇಳುಗರಿಗೆ ಮಗು ಎಂದರೆ ಮೊದಲು ತೋಚುತ್ತಿದ್ದದ್ದು ಸ್ಥಾನವಿಲ್ಲದಿರುವಿಕೆ. ಆಸ್ತಿ ಅದರದಲ್ಲ, ಮಾತು ಲೆಕ್ಕಕ್ಕಿಲ್ಲ, ಬದುಕು ಉಳಿಯುವುದೂ ದೊಡ್ಡವರ ಕೈಯಲ್ಲಿ.

ಆ ಕೊನೆಯ ಮಾತಿಗೆ ಪುರಾವೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಹಾಳೆಗಳಲ್ಲಿ ಕ್ರಿಸ್ತಪೂರ್ವ 1ನೇ ವರ್ಷದ ಪತ್ರವೊಂದಿದೆ. ಕೂಲಿಗೆ ಅಲೆಕ್ಸಾಂಡ್ರಿಯಕ್ಕೆ ಹೋದ ಹಿಲಾರಿಯೊನ್ ಎಂಬವನು ಬಸುರಿಯಾದ ಆಲಿಸ್ ಎಂಬಾಕೆಗೆ ಬರೆದದ್ದು. ಮಗುವನ್ನು ಜೋಪಾನವಾಗಿ ನೋಡಿಕೊ, ಸಂಬಳ ಬಂದ ಕೂಡಲೆ ಕಳಿಸುತ್ತೇನೆ ಎಂದು ಅಕ್ಕರೆಯಿಂದಲೇ ಬರೆದವನು, ಹುಟ್ಟುವುದು ಗಂಡಾದರೆ ಉಳಿಸಿಕೊ, ಹೆಣ್ಣಾದರೆ ಬಿಸಾಡು ಎಂದೂ ಅಷ್ಟೇ ಸಹಜವಾಗಿ ಬರೆಯುತ್ತಾನೆ. ಯೇಸು ಹುಟ್ಟಿದ ಕಾಲದ ಆಸುಪಾಸಿನ ಪತ್ರ ಇದು. ಮಗುವನ್ನು ಸಭೆಯ ನಡುವೆ ತಂದು ನಿಲ್ಲಿಸುವುದರ ಅರ್ಥವನ್ನು ಈ ಪತ್ರದ ಪಕ್ಕದಲ್ಲಿಟ್ಟು ಓದಬೇಕು.

ಮಾರ್ಕನ 10ನೇ ಅಧ್ಯಾಯದ 15ನೇ ವಚನದಲ್ಲಿ ಒಂದು ವ್ಯಾಕರಣದ ತೊಡಕಿದೆ. ದೇವರ ರಾಜ್ಯವನ್ನು ಮಗುವಿನಂತೆ ಸ್ವೀಕರಿಸಬೇಕು ಎಂಬ ಆ ಮಾತನ್ನು, ಗ್ರೀಕಿನಲ್ಲಿ ಎರಡು ಬಗೆಯಾಗಿ ಬಿಡಿಸಬಹುದು. ಮಗು ಹೇಗೆ ಕೈಚಾಚಿ ಪಡೆಯುತ್ತದೋ ಹಾಗೆ ರಾಜ್ಯವನ್ನು ಪಡೆಯಬೇಕು ಎಂಬುದು ಒಂದು. ಮಗುವನ್ನು ಹೇಗೆ ಮನೆಗೆ ಬರಮಾಡಿಕೊಳ್ಳುತ್ತೇವೋ ಹಾಗೆ ರಾಜ್ಯವನ್ನು ಬರಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ವ್ಯಾಖ್ಯಾನಕಾರರಲ್ಲಿ ಬಹುಮಂದಿ ಮೊದಲನೆಯದನ್ನೇ ಹಿಡಿಯುತ್ತಾರೆ. ಆದರೂ ಹಿಂದಿನ ಅಧ್ಯಾಯದಲ್ಲಿ ಯೇಸು ಇಂಥ ಒಂದು ಮಗುವನ್ನು ಬರಮಾಡಿಕೊಂಡವರು ನನ್ನನ್ನೇ ಬರಮಾಡಿಕೊಂಡಂತೆ ಎಂದದ್ದನ್ನು ನೆನೆದರೆ, ಎರಡನೆಯದನ್ನು ತಳ್ಳಿಹಾಕುವುದು ಸುಲಭವಲ್ಲ. ಮಗುವಿನಂತಾಗುವುದನ್ನೂ ಮಗುವನ್ನು ಬರಮಾಡಿಕೊಳ್ಳುವುದನ್ನೂ ಸುವಾರ್ತೆ ಬೇರ್ಪಡಿಸಿಲ್ಲ. ನಂತರದ ಭಕ್ತಿಸಾಹಿತ್ಯ ಬೇರ್ಪಡಿಸಿತು. ಈ ವಿಷಯದಲ್ಲಿ ಆದ ದೊಡ್ಡ ನಷ್ಟ ಅದೇ.

ಅಪ್ಪಾ

ಮಗುವಿನ ವಿಶ್ವಾಸಕ್ಕೆ ಒಂದು ಕೂಗು ಇದೆ. ಅರಮಾಯಿಕ್ ಭಾಷೆಯ ‘ಅಬ್ಬಾ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಮೂರು ಕಡೆ ಮಾತ್ರ ಬರುತ್ತದೆ: ಮಾರ್ಕ 14ರಲ್ಲಿ, ರೋಮಾದವರಿಗೆ ಬರೆದ ಪತ್ರದ 8ರಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ 4ರಲ್ಲಿ. ಜರ್ಮನಿಯ ವಿದ್ವಾಂಸ ಯೊವಾಕಿಮ್ ಯೆರೆಮಿಯಾಸ್ ಇದು ಮನೆಯೊಳಗಿನ ಆಪ್ತ ಸಂಬೋಧನೆ ಎಂದು ಬಲವಾಗಿ ವಾದಿಸಿದರು. ಅದನ್ನು ಕೂಸಿನ ತೊದಲು ಎಂದು ಹಿಗ್ಗಿಸಿದವರೂ ಇದ್ದರು. 1988ರಲ್ಲಿ ಜೇಮ್ಸ್ ಬಾರ್ ಇದನ್ನು ತಿದ್ದಿ, ಬೆಳೆದ ಮಕ್ಕಳೂ ತಂದೆಯನ್ನು ಹೀಗೆಯೇ ಕರೆಯುತ್ತಿದ್ದರು ಎಂದು ತೋರಿಸಿದರು. ಕನ್ನಡ ಓದುಗರಿಗೆ ಈ ಜಗಳ ಬೇಗ ಬಗೆಹರಿಯುತ್ತದೆ. ‘ಅಪ್ಪ’ ಎಂದು ಕರೆಯುವವನು ಮೂರು ವರ್ಷದವನೂ ಆಗಬಹುದು, ಅರವತ್ತು ವರ್ಷದವನೂ ಆಗಬಹುದು. ಮಾದಪ್ಪ, ಸಿದ್ದಪ್ಪಾಜಿ ಎಂದು ದೈವವನ್ನೇ ಅಪ್ಪ ಎನ್ನುವ ಸೀಮೆಯಲ್ಲಿ ಸಂತ ಅಂತೋಣಿ ಅಂತೋಣಪ್ಪನಾದದ್ದು, ಈಚಿನ ಪ್ರಾರ್ಥನಾಕೂಟಗಳಲ್ಲಿ ಯೇಸು ಯೇಸಪ್ಪನಾದದ್ದು ಸಹಜವಾಗಿಯೇ ನಡೆಯಿತು.

ಸುವಾರ್ತೆಗಳಲ್ಲಿ ಯೇಸುವಿನ ಬಾಯಿಂದ ಅಬ್ಬಾ ಎಂಬ ಪದ ಕೇಳುವುದು ಒಂದೇ ಸಲ. ಅದು ಗೆತ್ಸೆಮನೆ ತೋಪಿನಲ್ಲಿ, ಸಾವಿನ ಹಿಂದಿನ ರಾತ್ರಿ, ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡುವಾಗ. ಮಗುವಿನಂಥ ವಿಶ್ವಾಸವೆಂದರೆ ಸದಾ ನಗುಮುಖ ಎಂದು ತಿಳಿದವರು ಈ ದೃಶ್ಯಕ್ಕೆ ಮರಳಬೇಕು. ಮಗು ಹೆದರುತ್ತದೆ, ಅಳುತ್ತದೆ, ಬೇಡ ಎನ್ನುತ್ತದೆ. ಅಳುವುದು ಅಪ್ಪನ ಎದುರಲ್ಲೇ ಎಂಬುದೇ ಅದರ ವಿಶ್ವಾಸ. 2015ರಲ್ಲಿ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಸಾಲುಗಟ್ಟಿದಾಗ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಸಾಲದ ಮನೆಯಲ್ಲಿ ಕೂತವರಿಗೆ ‘ದೇವರನ್ನು ನಂಬಿ, ಎಲ್ಲ ಸರಿಹೋಗುತ್ತದೆ’ ಎಂದಷ್ಟೇ ಹೇಳುವವರು ಗೆತ್ಸೆಮನೆಯನ್ನು ಓದಿಲ್ಲ. ಅಲ್ಲಿ ಯೇಸು ಸಹ ತನ್ನ ಪಕ್ಕದಲ್ಲಿ ಎಚ್ಚರವಾಗಿರಲು ಮೂವರನ್ನು ಕೇಳಿಕೊಂಡರು.

ಹಾಲು ಬಿಟ್ಟ ಕೂಸು

ಮೊಲೆಹಾಲು ಬಿಟ್ಟ ಮಗು ತಾಯಿಯ ಮಡಿಲಲ್ಲಿ ಸುಮ್ಮನಿರುವಂತೆ ತನ್ನ ಪ್ರಾಣ ಸುಮ್ಮನಿದೆ ಎನ್ನುವ ಒಂದು ಚಿಕ್ಕ ಹಾಡು ಹಳೆಯ ಒಡಂಬಡಿಕೆಯಲ್ಲಿದೆ, ಅದು 131ನೇ ಕೀರ್ತನೆ. ಒಟ್ಟು ಮೂರೇ ವಚನ. ಹೀಬ್ರೂವಿನ ‘ಗಾಮುಲ್’ ಎಂಬ ಪದಕ್ಕೆ ಹಾಲು ಬಿಡಿಸಿದ ಮಗು ಎಂದರ್ಥ. ಹಾಲು ಕುಡಿಯುವ ಕೂಸು ಎಂದು ಕವಿ ಬರೆದಿಲ್ಲ ಎಂಬುದನ್ನು ಗಮನಿಸಬೇಕು.

ಹಳ್ಳಿಯಲ್ಲಿ ಹಾಲು ಬಿಡಿಸುವುದನ್ನು ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚುತ್ತಾರೆ. ಮಗು ಬಾಯಿಟ್ಟು ಕಹಿಯಾಗಿ ಮುಖ ತಿರುಗಿಸಿ ಗೋಳಾಡುತ್ತದೆ. ಎರಡು ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಆಮೇಲೆ ಒಂದು ದಿನ ಅದೇ ಮಗು ಅದೇ ಮಡಿಲಿಗೆ ಬಂದು, ಹಾಲಿಗಲ್ಲ, ತಾಯಿಗಾಗಿ ಒರಗಿಕೊಳ್ಳುತ್ತದೆ. ಎದೆ ಕಹಿಯಾದದ್ದನ್ನು ಅದು ಕಂಡಿದೆ. ಕೇಳಿದ್ದು ಸಿಗಲಿಲ್ಲ ಎಂಬುದೂ ಗೊತ್ತು. ಆದರೂ ಬಿಟ್ಟುಹೋಗಿಲ್ಲ. ಕೀರ್ತನೆಯ ವಿಶ್ವಾಸ ಇದು, ಕಹಿಯನ್ನು ದಾಟಿ ಬಂದದ್ದು. ಮಗುವಿನಂಥ ವಿಶ್ವಾಸದ ಬಗ್ಗೆ ಬೈಬಲಿನಲ್ಲಿರುವ ಅತ್ಯಂತ ನಿಖರವಾದ ಚಿತ್ರ ಯಾವುದೆಂದು ಕೇಳಿದರೆ, ಸುವಾರ್ತೆಗಳಿಗಿಂತ ಮೊದಲು ಈ ಮೂರು ವಚನಗಳನ್ನೇ ತೋರಿಸಬೇಕು.

ಮುಗ್ಧಭಕ್ತಿಯ ನೆಲ

ಈ ವಿಚಾರ ಕನ್ನಡಕ್ಕೆ ಹೊಸದಾಗಿ ಬಂದದ್ದಲ್ಲ. ಸುವಾರ್ತೆ ಇಲ್ಲಿಗೆ ಬರುವ ಮೊದಲೇ ಮುಗ್ಧಭಕ್ತರ ಕಥೆಗಳಿಗೆ ಇಲ್ಲಿ ಕಿವಿ ಪಳಗಿತ್ತು. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ ಬಸವಪುರಾಣದಲ್ಲಿ ಅಂಥವರ ಸಾಲೇ ಇದೆ. ಶಿವನಿಗೆ ತಾಯಿಯಿಲ್ಲವಲ್ಲ ಎಂದು ಮರುಗಿ ತಾನೇ ತಾಯಿಯಾಗಿ ನಿಂತ ಬೆಜ್ಜಮಹಾದೇವಿ ಅವರಲ್ಲಿ ಒಬ್ಬಳು. ಕೋಳೂರಿನ ಕೊಡಗೂಸು ಇನ್ನೊಬ್ಬಳು. ತಂದೆ ಊರಿಗೆ ಹೋದಾಗ ಗುಡಿಗೆ ಹಾಲು ಒಯ್ದ ಆ ಹುಡುಗಿ, ಲಿಂಗ ದಿನವೂ ಹಾಲು ಕುಡಿಯುತ್ತದೆಂದೇ ನಂಬಿ, ಕುಡಿಯದಿದ್ದಾಗ ಅಳುತ್ತಾಳೆ. ಶಿವ ಕುಡಿಯುತ್ತಾನೆ. ಮನೆಯವರು ನಂಬುವುದಿಲ್ಲ. ಕೊಡಗೂಸು ಲಿಂಗದಲ್ಲಿ ಒಂದಾಗುತ್ತಾಳೆ.

ಮದ್ದೂರು, ಮಳವಳ್ಳಿಯಲ್ಲಿ ಇನ್ನೂ ಹತ್ತಿರದ ಕಥೆಯೊಂದು ತಂಬೂರಿ ಹಿಡಿದ ನೀಲಗಾರರ ಬಾಯಲ್ಲಿ ಇಂದಿಗೂ ಇದೆ. ಗುರು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಬೇಡಿ ಪಡೆದ ಸಿದ್ದಪ್ಪಾಜಿ ಮದ್ದೂರು ತಾಲೂಕಿನ ನಿಡಘಟ್ಟದ ಮುದ್ದಮ್ಮನ ಮಗ. ಗುರು ಕಬ್ಬಿಣದ ಭಿಕ್ಷೆ ತಾ ಎಂದು ಕಳಿಸಿದ್ದು ಮಳವಳ್ಳಿ ತಾಲೂಕಿನ ಹಲಗೂರಿಗೆ. ಅಲ್ಲಿನ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನು ಅವನು ಗುರುವಿನ ಮೇಲೆ ಭಾರ ಹಾಕಿ ದಾಟುತ್ತಾನೆ. ‘ಶಿಶುಮಗ’ ಎಂಬ ಪದವನ್ನು ಗಮನಿಸಬೇಕು. ಶಿಷ್ಯನನ್ನು ಮಗು ಎಂದು ಕರೆಯುವ, ಬೆಳೆದವನೂ ಗುರುವಿನ ಮುಂದೆ ಶಿಶುವಾಗಿ ನಿಲ್ಲುವ ಪರಂಪರೆ ಈ ಮಣ್ಣಿನಲ್ಲಿ ಮೊದಲೇ ಇತ್ತು.

ಹೋಲಿಕೆ ಇದ್ದಷ್ಟೇ ವ್ಯತ್ಯಾಸವೂ ಇದೆ. ಮುಗ್ಧಭಕ್ತರ ಕಥೆಗಳಲ್ಲಿ ಮಗುವಿನ ಹಟಕ್ಕೆ ದೇವರು ಮಣಿಯುತ್ತಾನೆ, ಪವಾಡ ನಡೆದೇ ನಡೆಯುತ್ತದೆ. ಸುವಾರ್ತೆಯಲ್ಲಿ ಮಗು ಏನನ್ನೂ ಸಾಧಿಸುವುದಿಲ್ಲ. ಅದು ಬಂದಿದೆ, ಅದನ್ನು ಎತ್ತಿಕೊಂಡಿದ್ದಾರೆ, ಅಷ್ಟೇ. ಅದರ ನಂಬಿಕೆ ಎಷ್ಟು ಗಟ್ಟಿ ಎಂದು ಯಾರೂ ಅಳೆಯುವುದಿಲ್ಲ. ಎರಡು ಪರಂಪರೆಗಳನ್ನೂ ಗೌರವಿಸುವವರು ಈ ಗೆರೆಯನ್ನು ಅಳಿಸಬಾರದು.

ಜಿಲ್ಲೆಯ ಕ್ರೈಸ್ತರು

ಮಂಡ್ಯ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 18 ಲಕ್ಷ ದಾಟಿತ್ತು. ಕ್ರೈಸ್ತರು ಅದರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಸಂಖ್ಯೆ ಚಿಕ್ಕದಾದರೂ ಚರಿತ್ರೆ ಹಳೆಯದು. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು, ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶ ಬರೆದರು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. 15 ವರ್ಷಗಳ ಆ ಸೆರೆಯಲ್ಲಿ ಮಕ್ಕಳು ಹುಟ್ಟಿದರು, ಬೆಳೆದರು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೇನೆ ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬೊಯ್. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಜನಕ್ಕೆ ಪರಿಚಿತ.

ದುಬೊಯ್ ಈ ಲೇಖನಕ್ಕೆ ಬೇಕಾಗುವುದು ಇನ್ನೊಂದು ಕಾರಣಕ್ಕೆ. 1800ರ ನಂತರದ ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಅವರು ದುಡಿದರು. ದೇವರನ್ನು ನಂಬಿದವರು ಔಷಧ ಮುಟ್ಟಬಾರದು ಎಂಬ ಬೋಧನೆ ಈಗಲೂ ಅಲ್ಲಲ್ಲಿ ಕೇಳುತ್ತದೆ. ಈ ಜಿಲ್ಲೆಯ ಕ್ರೈಸ್ತರನ್ನು ಕಟ್ಟಿ ನಿಲ್ಲಿಸಿದ ಪಾದ್ರಿ ಮಕ್ಕಳ ತೋಳಿಗೆ ಲಸಿಕೆ ಹಾಕಿಸಿದವರು ಎಂಬುದನ್ನು ಅಂಥವರು ತಿಳಿಯಬೇಕು. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಎತ್ತಿಕೊಂಡು ಓಡುವ ತಾಯಿಯ ಕೈ ಬಿಟ್ಟು ಬೇರೆ ಯಾವ ವಿಶ್ವಾಸವೂ ಮಗುವಿಗಿಲ್ಲ.

ಲ್ಯಾಟಿನ್ ಪದ್ಧತಿಯ ಮೈಸೂರು ಧರ್ಮಕ್ಷೇತ್ರಕ್ಕೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು ಸೇರಿವೆ. 2010ರ ಜನವರಿಯಲ್ಲಿ ಮಾನಂತವಾಡಿಯಿಂದ ಬೇರ್ಪಡಿಸಿ ಸೀರೋ-ಮಲಬಾರ್ ಪದ್ಧತಿಯ ಮಂಡ್ಯ ಧರ್ಮಕ್ಷೇತ್ರವನ್ನು ರಚಿಸಲಾಯಿತು. ಪ್ರಾಟೆಸ್ಟಂಟರಲ್ಲಿ ವೆಸ್ಲಿಯನ್ ಮಿಷನ್ ಹಳೆ ಮೈಸೂರಿನಲ್ಲಿ ಬಿತ್ತಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಪೆಂತೆಕೊಸ್ತ ಕೂಟಗಳು ಈಚಿನವು.

ಆಚರಣೆಯಲ್ಲಿ

ಮಗುವಿಗೆ ವಿಶ್ವಾಸವಿರಲು ಸಾಧ್ಯವೇ ಎಂಬ ಪ್ರಶ್ನೆಗೆ ಸಭೆಗಳು ಬೇರೆಬೇರೆ ಉತ್ತರ ಕೊಟ್ಟಿವೆ. ಕಥೋಲಿಕರೂ ದಕ್ಷಿಣ ಭಾರತ ಸಭೆಯವರೂ ಕೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಜ್ಞಾನತಂದೆ, ಜ್ಞಾನತಾಯಿ ಮಗುವಿನ ಪರವಾಗಿ ಮಾತು ಕೊಡುತ್ತಾರೆ. ಪೆಂತೆಕೊಸ್ತರು ಮತ್ತು ಬ್ಯಾಪ್ಟಿಸ್ಟರು ತಾನೇ ನಂಬಿ ಹೇಳುವ ವಯಸ್ಸಿಗೆ ಬಂದ ಮೇಲೆ ಮುಳುಗಿಸುತ್ತಾರೆ. ಮೊದಲ ಪರಮಪ್ರಸಾದಕ್ಕೆ ಹಿಂದೆ ಹತ್ತು, ಹನ್ನೆರಡು ವರ್ಷ ಕಾಯಿಸುತ್ತಿದ್ದರು. 1910ರಲ್ಲಿ ಪೋಪ್ 10ನೇ ಪಿಯುಸ್ ಅದನ್ನು ಏಳರ ಆಸುಪಾಸಿಗೆ ಇಳಿಸಿದರು. ರೊಟ್ಟಿಗೂ ಪ್ರಸಾದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಇಡೀ ಧರ್ಮಶಾಸ್ತ್ರ ತಿಳಿಯಬೇಕಿಲ್ಲ ಎಂಬುದು ಆ ಆಜ್ಞೆಯ ಸಾರ. ಮಕ್ಕಳ ಬಗ್ಗೆ ರೋಮ್ ಹೊರಡಿಸಿದ ಈ ಆಜ್ಞೆ ದೂರದ ಮನೆಗಳವರೆಗೂ ಮುಟ್ಟಿತು.

ಭಾಷೆಯೂ ಈ ಕಥೆಯ ಭಾಗ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ನಡೆಯುವವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಮನೆಯಲ್ಲಿ ಅಮ್ಮನೊಂದಿಗೆ ಒಂದು ಭಾಷೆ, ಗುಡಿಯಲ್ಲಿ ದೇವರೊಂದಿಗೆ ಇನ್ನೊಂದು. ಪೂಜೆ ಕನ್ನಡವಾದ ಮೇಲೆ ಮಗು ಬೈಯಿಸಿಕೊಳ್ಳುವ, ಮುದ್ದು ಮಾಡಿಸಿಕೊಳ್ಳುವ ಮಾತಿನಲ್ಲೇ ದೇವರನ್ನು ಕರೆಯಲು ಆಯಿತು. ಮಗುವಿನಂಥ ವಿಶ್ವಾಸದ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಿಗಿಂತ ಈ ಬದಲಾವಣೆ ಹೆಚ್ಚು ಕೆಲಸ ಮಾಡಿತು.

ಭಕ್ತಿಯ ಜಾಗಗಳಲ್ಲೂ ಮಗು ಕಾಣುತ್ತದೆ. ಮಂಡ್ಯದವರು ಹೋಗಿಬರುವ ದೋರನಹಳ್ಳಿಯ ಅಂತೋಣಪ್ಪನ ಗುಡಿಗೆ ಒಂದು ಸ್ಥಳಕಥೆ ಇದೆ: ಹೊಲ ಉಳುವಾಗ ರೈತನಿಗೆ ಮರದ ವಿಗ್ರಹ ಸಿಕ್ಕಿತು, ಅವನು ಗೊಂಬೆಯೆಂದು ಬಗೆದು ಮಕ್ಕಳಿಗೆ ಆಡಲು ಕೊಟ್ಟ. ಅದು ಸಂತನದೆಂದು ತಿಳಿದದ್ದು ಆಮೇಲೆ. 2019ರಲ್ಲಿ ಆ ಗುಡಿ ಬಸಿಲಿಕವಾಯಿತು. ಅಂತೋಣಿಯವರ ವಿಗ್ರಹದ ತೋಳಿನಲ್ಲಿ ಬಾಲಯೇಸು ಇರುತ್ತಾನೆ. ಮೈಸೂರಿನ ಫಿಲೋಮಿನಾ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಫಿಲೋಮಿನಾಳ ಭಕ್ತಿ 1802ರಲ್ಲಿ ರೋಮಿನ ನೆಲಮಾಳಿಗೆಯ ಗೋರಿಯಲ್ಲಿ ಸಿಕ್ಕ, ಹದಿಮೂರರ ಆಸುಪಾಸಿನ ಹುಡುಗಿಯದೆನ್ನಲಾದ ಮೂಳೆಗಳ ಸುತ್ತ ಬೆಳೆದದ್ದು. ಚರಿತ್ರೆಯ ಆಧಾರ ತೆಳುವೆಂದು 1961ರಲ್ಲಿ ರೋಮ್ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಜನ ಬರುವುದನ್ನು ನಿಲ್ಲಿಸಲಿಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಸನ್ನಿಧಿಗೆ ಗುರುವಾರಗಳಂದು ಎಲ್ಲ ಮತದವರೂ ಸೇರುತ್ತಾರೆ.

ಚಿಂತಕರು, ಆಕ್ಷೇಪಗಳು

ಮಗುವೆಂದರೆ ನಿಷ್ಪಾಪಿ ಎಂಬುದನ್ನು ಕ್ರೈಸ್ತರೇ ಒಪ್ಪದಿದ್ದದ್ದುಂಟು. ಅಗಸ್ಟೀನ್ ತನ್ನ ‘ಕನ್ಫೆಷನ್ಸ್’ನಲ್ಲಿ ಹಾಲಿಗಾಗಿ ಇನ್ನೊಂದು ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವ ಕೂಸನ್ನು ಕಂಡದ್ದನ್ನು ಬರೆದಿದ್ದಾನೆ. ಹಾಗಾದರೆ ಯೇಸು ಮೆಚ್ಚಿದ್ದು ಏನನ್ನು? ಅದರ ಚಿಕ್ಕತನವನ್ನು ಎಂಬುದು ಅವನ ಉತ್ತರ.

ಆ ಚಿಕ್ಕತನವನ್ನೇ ಒಂದು ದಾರಿಯಾಗಿ ಬದುಕಿದವರು ಫ್ರಾನ್ಸಿನ ಲಿಸಿಯೊ ಊರಿನ ಕಾರ್ಮೆಲ್ ಮಠದ ತೆರೇಸ (1873–1897). ಅವರ ‘ಕಿರುದಾರಿ’ಯಲ್ಲಿ ದೊಡ್ಡ ತಪಸ್ಸುಗಳಿಲ್ಲ. ಮೆಟ್ಟಿಲು ಹತ್ತಲಾರದ ಮಗುವನ್ನು ಎತ್ತಿಕೊಳ್ಳುವ ಯೇಸುವಿನ ತೋಳುಗಳನ್ನು ಅವರು ಆಗ ಹೊಸದಾಗಿದ್ದ ಲಿಫ್ಟಿಗೆ ಹೋಲಿಸಿದರು. ಕ್ಷಯದಿಂದ 24ನೇ ವಯಸ್ಸಿಗೆ ತೀರಿಕೊಂಡರು. ಕೊನೆಯ ಹದಿನೆಂಟು ತಿಂಗಳು ಸ್ವರ್ಗ ಇದೆಯೇ ಎಂಬುದೇ ಮಸುಕಾದ ಕತ್ತಲಲ್ಲಿದ್ದರು ಎಂಬುದನ್ನು ಹೂ ಹಿಡಿದ ಅವರ ಚಿತ್ರಗಳು ಮರೆಸುತ್ತವೆ. ಮಠ ಬಿಟ್ಟು ಹೊರಗೆ ಬಾರದ ಈಕೆ ಪತ್ರ ಬರೆಯುತ್ತಿದ್ದ ಇಬ್ಬರು ಮಿಷನರಿಗಳಲ್ಲಿ ಆಡೊಲ್ಫ್ ರುಲಾಂ ಪ್ಯಾರಿಸ್ ವಿದೇಶ ಮಿಷನ್ನಿಗೆ ಸೇರಿದವರು. ಮೈಸೂರು ಸೀಮೆಯ ಕಥೋಲಿಕರನ್ನು ಆ ಕಾಲದಲ್ಲಿ ನಡೆಸುತ್ತಿದ್ದದ್ದೂ ಅದೇ ಸಂಸ್ಥೆ. 1925ರಲ್ಲಿ ತೆರೇಸ ಸಂತರಾದರು, 1997ರಲ್ಲಿ ಸಭೆಯ ಆಚಾರ್ಯರೆಂಬ ಪದವಿ ಬಂತು. ಜರ್ಮನಿಯ ದೇವಶಾಸ್ತ್ರಜ್ಞ ಕಾರ್ಲ್ ರಾನರ್ ಅವರದು ಇನ್ನೊಂದು ಬಗೆ. ಬಾಲ್ಯ ದಾಟಿ ಮರೆಯುವ ಘಟ್ಟವಲ್ಲ, ಬೆಳೆಯುತ್ತ ಬೆಳೆಯುತ್ತ ತಲುಪಬೇಕಾದದ್ದು ಎಂದು ಅವರು ಬರೆದರು.

ಗಟ್ಟಿ ಆಕ್ಷೇಪ ಬಂದದ್ದು ಸಿಗ್ಮಂಡ್ ಫ್ರಾಯ್ಡ್ ಅವರಿಂದ. ಧರ್ಮವೆಂದರೆ ಕೂಸಿನ ಅಸಹಾಯಕತೆ ಆಕಾಶದಲ್ಲಿ ತಂದೆಯೊಬ್ಬನನ್ನು ಕಲ್ಪಿಸಿಕೊಳ್ಳುವುದು ಎಂದು 1927ರಲ್ಲಿ ಅವರು ವಾದಿಸಿದರು. ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾವ್ ಇಳಿವಯಸ್ಸಿನಲ್ಲಿ ಬರೆದ ‘ದೇವರು’ ಕನ್ನಡದಲ್ಲಿ ಈ ಬಗೆಯ ಪ್ರಶ್ನೆಗಳನ್ನು ಎತ್ತಿದ ಪ್ರಾಮಾಣಿಕ ಪುಸ್ತಕ. ಲೋಕದಲ್ಲಿ ಇಷ್ಟು ನೋವಿರುವಾಗ ಕರುಣಾಳು ದೇವರನ್ನು ಹೇಗೆ ಒಪ್ಪುವುದು ಎಂದು ಮೂರ್ತಿರಾವ್ ಕೇಳುತ್ತಾರೆ. ಮಗುವಿನಂಥ ವಿಶ್ವಾಸದ ಹೆಸರಿನಲ್ಲಿ ಈ ಪ್ರಶ್ನೆಯ ಬಾಯಿ ಮುಚ್ಚಿಸಬಾರದು. ಯಾಕೆ ಎಂದು ಮಗುವಿನಷ್ಟು ಕೇಳುವವರು ಇನ್ನಾರಿದ್ದಾರೆ? ಮನುಷ್ಯ ಅಸಹಾಯಕನಾಗಿಯೇ ಹುಟ್ಟುತ್ತಾನೆ, ಹಾಗೆಯೇ ಸಾಯುತ್ತಾನೆ ಎಂಬ ಮಟ್ಟಿಗೆ ಫ್ರಾಯ್ಡ್ ಅವರದೂ ಕೀರ್ತನಕಾರನದೂ ಒಂದೇ ಮಾತು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ಬೀಸುವ ಕಲ್ಲು

ಮಗುವನ್ನು ನಡುವೆ ನಿಲ್ಲಿಸಿದ ಬೆನ್ನಿಗೇ ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಅತಿ ಕಠಿಣ ಎಚ್ಚರಿಕೆ ಬರುತ್ತದೆ. ಇಂಥ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಕಡಲಿಗೆ ತಳ್ಳುವುದೇ ಲೇಸು ಎಂಬ ಅರ್ಥದ ಮಾತು. ಗ್ರೀಕಿನಲ್ಲಿರುವುದು ನಮ್ಮ ಅಜ್ಜಿಯರು ರಾಗಿ ಬೀಸುತ್ತಿದ್ದ ಕೈಕಲ್ಲಲ್ಲ, ಕತ್ತೆ ಕಟ್ಟಿ ತಿರುಗಿಸುವ ದೊಡ್ಡ ಕಲ್ಲು. ಲೋಕದ ಹಲವೆಡೆ ಧರ್ಮಗುರುಗಳೇ ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ್ದು, ಹಿರಿಯರು ಮುಚ್ಚಿಟ್ಟದ್ದು ಬಯಲಾದ ಮೇಲೆ ಈ ವಚನವನ್ನು ಯಾವ ಪೀಠದಿಂದಲೂ ತಗ್ಗಿದ ದನಿಯಲ್ಲಿ ಓದುವಂತಿಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಇಂಥ ದೂರುಗಳನ್ನು ವರದಿ ಮಾಡುವುದನ್ನು ಗುರುಗಳಿಗೂ ಮಠವಾಸಿಗಳಿಗೂ ಕಡ್ಡಾಯ ಮಾಡಿದರು. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯೂ ವರದಿಯನ್ನು ಕಡ್ಡಾಯ ಮಾಡಿದೆ. ದೇವರ ಮೇಲಿನ ವಿಶ್ವಾಸವನ್ನು ಪಾದ್ರಿಗೋ ಪಾಸ್ಟರಿಗೋ ಪ್ರಶ್ನೆಯಿಲ್ಲದ ವಿಧೇಯತೆಯಾಗಿ ತಿರುಗಿಸುವುದು ಈ ಬೋಧನೆಯ ಅತಿ ದೊಡ್ಡ ದುರುಪಯೋಗ.

ಹಿಲಾರಿಯೊನನ ಪತ್ರಕ್ಕೆ ಇಲ್ಲಿ ಮರಳಬೇಕು. ಕೂಸುಗಳನ್ನು ಬಿಸಾಡುವ ರೋಮನ್ ಲೋಕದಲ್ಲಿ ಕ್ರೈಸ್ತರು ಬಿಸಾಡುವುದಿಲ್ಲ ಎಂಬುದು ಅವರ ಗುರುತಾಗಿತ್ತು. ‘ದಿದಾಖೆ’ ಎಂಬ ಬಹು ಹಳೆಯ ಕ್ರೈಸ್ತ ಕೈಪಿಡಿ ಶಿಶುಹತ್ಯೆಯನ್ನು ಹೆಸರಿಸಿ ನಿಷೇಧಿಸುತ್ತದೆ. ಆ ಪತ್ರ ಬರೆದು ಎರಡು ಸಾವಿರ ವರ್ಷವಾಯಿತು. 2023ರ ಕೊನೆಯಲ್ಲಿ ಮಂಡ್ಯದ ಬಳಿ ಬೆಲ್ಲ ಮಾಡುವ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 1994ರ ಕಾಯ್ದೆ ಇದನ್ನು ಅಪರಾಧವೆಂದು ಸಾರಿ ಆಗಲೇ ಮೂರು ದಶಕ ಕಳೆಯುತ್ತಿತ್ತು. ಇದು ಯಾವುದೋ ಒಂದು ಮತದ ಕಥೆಯಲ್ಲ, ಜಿಲ್ಲೆಯ ಎಲ್ಲ ಮನೆಗಳನ್ನೂ ಕೇಳುವ ಪ್ರಶ್ನೆ. ಇಲ್ಲಿನ ಗುಡಿಗಳಲ್ಲಿ ಮಾರ್ಕನ 10ನೇ ಅಧ್ಯಾಯ ಓದುವಾಗ, ಮಗುವನ್ನು ಬರಮಾಡಿಕೊಳ್ಳುವಂತೆ ರಾಜ್ಯವನ್ನು ಬರಮಾಡಿಕೊಳ್ಳಬೇಕು ಎಂಬ ಆ ಎರಡನೇ ಅರ್ಥವನ್ನೂ ಎತ್ತಿ ಹೇಳಬೇಕು.

ಯೇಸು ನಡುವೆ ನಿಲ್ಲಿಸಿದ ಮಗುವಿನ ಹೆಸರನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಹೇಳುವುದಿಲ್ಲ. ಅದು ಮುಂದೆ ಅಂತಿಯೋಕ್ಯದ ಧರ್ಮಾಧ್ಯಕ್ಷನಾದ ಇಗ್ನೇಷಿಯಸ್ ಎಂಬುದು ನಂತರ ಹುಟ್ಟಿದ ದಂತಕಥೆ. ಹುಡುಗನೋ ಹುಡುಗಿಯೋ ಎಂಬುದೂ ಅಲ್ಲಿಲ್ಲ. ಗ್ರೀಕಿನಲ್ಲಿ ಪೈದಿಯೊನ್ ನಪುಂಸಕಲಿಂಗದ ಪದ, ಕನ್ನಡದಲ್ಲಿ ಮಗುವೂ ಹಾಗೆಯೇ. ಮಂಡ್ಯದ ಹಳ್ಳಿಗಳಲ್ಲಿ ತಾಯಂದಿರು ಹೆಣ್ಣನ್ನೂ ಗಂಡನ್ನೂ ಕರೆಯುವುದು ‘ಬಾ ಮಗ’ ಎಂದೇ.